ಹದ್ದುಬಸ್ತು ಕಾಕಾ

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದ ನಿವೃತ್ತರು ಈಗ ಬೆಳಗಾವಿ ಜಿಲ್ಲೆಯ ಯಾವ ಊರಿನಲ್ಲೂ ಸಿಗುತ್ತಾರೆ. ಅವರಲ್ಲಿ ಪಂಗಡಗಳಿವೆ. ರಸ್ತೆಯ ಪಂಗಡದವರು "ಒಂದs ಒಂದು ಹಾರ್ನ್ ಕೇಳಲಿಲ್ಲರಿ" ಎಂದು ಶುರು ಮಾಡಿದರೆ ಚಹಾ ಆರುವವರೆಗೆ ಬಿಡುವುದಿಲ್ಲ. ಕಾಸ್ಟ್‌ಕೋ ಪಂಗಡದವರು ಅಂಗಡಿಯ ಉದ್ದಗಲ ಹೇಳಿ, ಅಲ್ಲಿಂದ ತಂದ ಬದಾಮಿನಲ್ಲಿ ತಲೆಗೆ ನಾಲ್ಕು ಕೊಡುತ್ತಾರೆ. ಹವಾದ ಪಂಗಡದವರು ಬಂದ ಮೊದಲ ವಾರ ಮೂಗಿಗೆ ಕರವಸ್ತ್ರ ಹಿಡಿದು ಓಡಾಡುತ್ತಾರೆ. ಎರಡನೇ ವಾರ ಅದೇ ಕರವಸ್ತ್ರದಲ್ಲಿ ಬಿಸಿ ಭಜಿ ಕಟ್ಟಿಸಿಕೊಂಡು ಬರುತ್ತಾರೆ. ಖಾನಾಪುರದ ನಮ್ಮ ಓಣಿಯ ಕಾಕಾ ಈ ಯಾವ ಪಂಗಡಕ್ಕೂ ಸೇರಿದವರಲ್ಲ. ಡಲ್ಲಾಸ್ ಹತ್ತಿರದ ಮಗನ ಮನೆಯಿಂದ ಅವರು ಹೊತ್ತು ತಂದದ್ದು ಒಂದೇ ಸಿದ್ಧಾಂತ: ಹುಲ್ಲಿಗೂ ಹದ್ದು ಇರಬೇಕು.

ಇದಕ್ಕೆ ಹಿನ್ನೆಲೆ ಇದೆ. ಕಾಕಾ ಸರ್ವೆ ಖಾತೆಯಲ್ಲಿದ್ದು ನಿವೃತ್ತರಾದವರು. 33 ಫೂಟಿನ ಸರಪಳಿ, ಅದಕ್ಕೆ 16 ಆಣೆ. 33ಕ್ಕೆ 33 ಆದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಈ ಲೆಕ್ಕವನ್ನು ಹೆಗಲ ಮೇಲೆ ಹೊತ್ತು ಕಣಕುಂಬಿ, ಜಾಂಬೋಟಿ, ಹಲಸಿ, ನಂದಗಡ, ಲೋಂಡಾ ಎಂದು ತಾಲೂಕನ್ನೆಲ್ಲ ತುಳಿದಿದ್ದಾರೆ. ಈಗ ಡ್ರೋನ್ ಹಾರಿಸಿ ಅಳೆಯುತ್ತಾರಂತೆ ಎಂದರೆ ನಗುತ್ತಾರೆ. "ಮ್ಯಾಲಿಂದ ಹೊಲಾ ಕಾಣ್ತದಪ್ಪಾ, ಜಗಳ ಕಾಣಂಗಿಲ್ಲ." ನಮ್ಮದು ಗಡಿಯ ತಾಲೂಕು ಬೇರೆ. 1967ರಲ್ಲಿ ಮಹಾಜನ್ ವರದಿ ಬಂದಾಗಿನಿಂದ ಇಲ್ಲಿ ಚಹಾದಂಗಡಿಯ ಬಾಕಿನ ಮೇಲೆ ಕೂತವರೆಲ್ಲ ಗಡಿತಜ್ಞರೇ. ಕಾಕಾ ಮಾತ್ರ ಆ ವಿಷಯಕ್ಕೆ ಬಾಯಿ ಹಾಕುವುದಿಲ್ಲ. "ಅದು ಸುಪ್ರೀಂ ಕೋರ್ಟಿನ ಕೆಲಸ. ನಂದು ಕಂಪೌಂಡಿನ ಒಳಗಿಂದು" ಎಂದು ಎದ್ದುಬಿಡುತ್ತಾರೆ.

ಮಗ ಇರುವ ಕಾಲೊನಿಯಲ್ಲಿ ಮನೆಮಾಲೀಕರ ಸಂಘ ಎಂಬುದೊಂದಿದೆ. ನಮ್ಮಲ್ಲಿ ಸಂಘವೆಂದರೆ ಗಣಪತಿ ಕೂಡಿಸುವುದು, ಲೆಕ್ಕ ಮುಂದೂಡುವುದು. ಅಲ್ಲಿಯ ಸಂಘ ಪತ್ರ ಬರೆಯುತ್ತದೆ. ಕಾಕಾ ಅಲ್ಲಿ ಮುಟ್ಟಿ ಇನ್ನೂ ನಿದ್ದೆಯ ಹೊತ್ತು ಸರಿಹೋಗಿರಲಿಲ್ಲ, ಅಷ್ಟರಲ್ಲೇ ಮಗನಿಗೊಂದು ಬಂತು. ನಿಮ್ಮ ಅಂಗಳದ ಹುಲ್ಲು ಕಾಲುದಾರಿಯ ಕಾಂಕ್ರೀಟಿನ ಮೇಲೆ ಹಬ್ಬಿದೆ, ಇಂಥ ತಾರೀಖಿನೊಳಗೆ ಅಂಚು ಕತ್ತರಿಸಿ, ಇಲ್ಲವಾದರೆ ದಂಡ. ಜೊತೆಗೆ ಫೋಟೋ. ಮಗ ಹಲ್ಲು ಕಡಿದ. ಕಾಕಾ ಪತ್ರ ಇಸಕೊಂಡು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. "ಎಂಥಾ ಚೊಲೊ ಅತಿಕ್ರಮಣ ನೋಟೀಸು ಅದ ನೋಡು! ಜಾಗಾ ಅದ, ಪುರಾವೆ ಅದ, ಮುದತ್ತು ಅದ. ನಮ್ಮ ಖಾತೆಯೊಳಗ ಹಿಂಗ ಬರಿಯಾವರು ಯಾರಿದ್ರು?" ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದರು. ಆ ಶನಿವಾರ ಮಗ ಗ್ಯಾರೇಜಿನಿಂದ ಎಡ್ಜರ್ ಹೊರಗೆ ತೆಗೆದ. ಸಣ್ಣ ಗಾಲಿ, ಪಕ್ಕದಲ್ಲಿ ನೆಟ್ಟಗೆ ನಿಂತು ತಿರುಗುವ ಒಂದೇ ಅಲಗು. ತಳ್ಳುತ್ತ ಹೋದರೆ ಹುಲ್ಲಿಗೂ ಕಾಂಕ್ರೀಟಿಗೂ ನಡುವೆ ಕತ್ತಿಯಲ್ಲಿ ಕೊಯ್ದ ಸೀಳು ಬೀಳುತ್ತದೆ. ಕಾಕಾ ಅದರ ಹಿಂದೆಯೇ ನಡೆದರು. ಮರುವಾರದಿಂದ ಮಗನಿಗೆ ಆ ಕೆಲಸ ಇಲ್ಲದಾಯಿತು.

ಕಾಕಾನ ಹೆಂಡತಿ ಕಾಕು ಕಂಡದ್ದು ಬೇರೆ. ಟೆಕ್ಸಸ್ಸಿನ ಜನ ಬರ್ಮುಡಾ ಹುಲ್ಲು ಎಂದು ನೀರು ಗೊಬ್ಬರ ಹಾಕಿ ಸಾಕುವುದು ಸೈನೊಡಾನ್ ಡ್ಯಾಕ್ಟಿಲಾನ್. ಅಂದರೆ ನಮ್ಮ ಕರಿಕೆ, ಗಣಪತಿಗೆ ಏರಿಸುವ ದೂರ್ವೆ. ಓಣಿಗೆ ಓಣಿಯೇ ದೂರ್ವೆ ಹಾಸಿಕೊಂಡು ಮಲಗಿದೆ, ಒಂದು ಮನೆಯಲ್ಲೂ ಗಣಪತಿಯಿಲ್ಲ! ಚೌತಿಯ ದಿನ ಇಪ್ಪತ್ತೊಂದು ಎಸಳು ಕಿತ್ತುಕೊಂಡು ಬರುತ್ತೇನೆಂದು ಹೊರಟವರನ್ನು ಸೊಸೆ ತಡೆದಳು. ಮೊನ್ನೆಯಷ್ಟೇ ಕಸ ಸಾಯಲೆಂದು ಔಷಧ ಹೊಡೆಸಿದ್ದಾರೆ, ದೇವರ ಮೇಲೆ ಹಾಕಬೇಡಿ ಎಂದಳು. ಆ ವರ್ಷ ಅಲ್ಲಿಯ ಗಣಪತಿಗೆ ಮಂತ್ರಾಕ್ಷತೆಯೇ ದೂರ್ವೆ.

ತಿರುಗಿ ಬರುವಾಗ ಒಬ್ಬೊಬ್ಬರಿಗೆ 23 ಕಿಲೋದ ಎರಡು ಬ್ಯಾಗು. ಕಾಕುವಿನ ಬದಾಮು, ಪಿಸ್ತಾ, ನೆರೆಹೊರೆಗೆಂದು ಕೊಂಡ ಡಬ್ಬಿಗಳು ಎಲ್ಲ ತೂಕದ ಕಾಟಾದ ಮೇಲೆ ಏರಿ ಇಳಿದವು. ಕೊನೆಗೆ ಬದಾಮು ಅರ್ಧ ಅಲ್ಲೇ ಉಳಿದು, ವಿದ್ಯುತ್ತಿನಿಂದ ಓಡುವ, ದಾರ ತಿರುಗಿಸಿ ಹುಲ್ಲು ಕತ್ತರಿಸುವ ಒಂದು ಟ್ರಿಮ್ಮರ್ ಸೀರೆಗಳ ನಡುವೆ ಮಲಗಿ ಬಂತು. ಅದರ ದಾಂಡಿ ತಿರುವಿದರೆ ದಾರ ನೆಟ್ಟಗೆ ತಿರುಗಿ ಎಡ್ಜರಿನ ಕೆಲಸವನ್ನೂ ಮಾಡುತ್ತದೆ. ಕಾಕು ಅದನ್ನು ಇಂದಿಗೂ "ನನ್ನ ಬದಾಮು" ಎನ್ನುತ್ತಾರೆ.

ಯಂತ್ರ ಬಂತು, ಹುಲ್ಲು ಬೇಕಲ್ಲ. ಮನೆ ಮುಂದಿನ ಜಾಗ ಅಳೆದರೆ ಅರ್ಧ ಗುಂಟೆಯೂ ಬರುವುದಿಲ್ಲ. ಬೆಳಗಾವಿಯ ನರ್ಸರಿಯವರು ಮೆಕ್ಸಿಕನ್ ಗ್ರಾಸ್ ಹಾಸಿ ಕೊಡುತ್ತೇವೆ ಎಂದರು. ಕಾಕಾ ಒಪ್ಪಲಿಲ್ಲ, ಡಲ್ಲಾಸಿನದೇ ಜಾತಿ ಆಗಬೇಕು. ಹೊಲದ ಬದುವಿನಿಂದ ಕರಿಕೆ ಕಿತ್ತು ತಂದು ಸಾಲಾಗಿ ನೆಡಲು ಇಬ್ಬರು ಹೆಣ್ಣಾಳು ಹಚ್ಚಿದರು. ಬಂದವರಲ್ಲೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹೊಲದಾಗ ಇದನ್ನ ಕಿತ್ತ ಕಿತ್ತ ನಮ್ಮ ನಡಾ ಮುರದೈತ್ರಿ ಕಾಕಾ. ನೀವು ಪಗಾರಾ ಕೊಟ್ಟ ಹಚ್ಚಸ್ತೀರಿ?" ಕರಿಕೆ ಎಂದರೆ ರೈತ ಸಾಯುವತನಕ ಸಾಯದ ಕಸ, ಒಂದು ಗೆಣ್ಣು ಉಳಿದರೆ ಸಾಕು, ಮತ್ತೆ ಹಬ್ಬುತ್ತದೆ. ನೆಡುವ ಕೆಲಸ ಮಾತ್ರ ಅಚ್ಚುಕಟ್ಟು. ಸುತ್ತಲೂ ಖಾನಾಪುರದ ಇಟ್ಟಿಗೆಗಳನ್ನು ಓರೆಯಾಗಿ ಹೂಳಿ ಹಲ್ಲಿನ ಸಾಲು ಮಾಡಿದರು. ಕುಂಬಾರಿಕೆಗೆ ಕೇಂದ್ರ ಸಂಸ್ಥೆಯೇ ಇರುವ ಊರು ಇದು. ಇಟ್ಟಿಗೆ, ಹಂಚು, ಕುಂಡಗಳಿಗೆ ಇಲ್ಲಿ ಬರವಿಲ್ಲ. ನಾಲ್ಕು ಮೂಲೆಗೆ ನಾಲ್ಕು ಬಾಂದುಕಲ್ಲು ನೆಟ್ಟು ಸುಣ್ಣ ಬಳಿಸಿದರು.

ಮಿರಗದ ಮಳೆ ಹತ್ತಿತು. ಮಲಪ್ರಭೆ ಕೆಂಪಗೆ ತುಂಬಿ ಹರಿಯತೊಡಗಿದ್ದೇ ತಡ, ಕಾಕಾನ ಕರಿಕೆ ಇಟ್ಟಿಗೆ ದಾಟಿ ದಾರಿಗೆ ಬಂತು. ಇದಕ್ಕಾಗಿಯೇ ಕಾದಿದ್ದ ಕಾಕಾ ಒಂದು ಬಿಸಿಲಿನ ಮುಂಜಾನೆ ಟ್ರಿಮ್ಮರಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ, ವರಾಂಡದ ಪ್ಲಗ್ಗಿಗೆ ಹಾಕಿ, ನಮ್ಮನ್ನೆಲ್ಲ ಕರೆದರು. ಪಿನ್ನು ಕೂತರೆ ಕರೆಂಟೂ ಕೂತಿತು ಎಂಬ ಭಾವನೆ. ಅಲ್ಲಿಯದು 120 ವೋಲ್ಟ್, ನಮ್ಮದು 230. ಗುಂಡಿ ಒತ್ತಿದರು.

ಅಂಥ ವೇಗ ಡಲ್ಲಾಸಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಯಂತ್ರ ಒಂದೇ ಸಮ ಕಿರುಚಿತು. "ನೋಡ್ರಿ! ನೋಡ್ರಿ!" ಎಂದು ಕಾಕಾ ಕೂಗಿದರು. ನೋಡುತ್ತಿರುವಾಗಲೇ ದಾರ ಮಾಯವಾಗಿ, ಹಿಡಿಕೆಯ ಸಂದಿಯಿಂದ ಒಂದು ಎಳೆ ಹೊಗೆ ಎದ್ದು, ಊದಿನಕಡ್ಡಿಯದಲ್ಲದ ಒಂದು ವಾಸನೆ ತುಳಸಿಕಟ್ಟೆಯವರೆಗೆ ಹರಡಿತು. ಅದನ್ನು ಬಗಲಲ್ಲಿಟ್ಟುಕೊಂಡು ಮೋಟಾರು ವೈಂಡಿಂಗ್ ಮಾಡುವ ಹುಡುಗನ ಹತ್ತಿರ ಹೋದೆವು. ಬೋರವೆಲ್ ಪಂಪು, ಗಿರಣಿಯ ಮೋಟಾರು ಕಟ್ಟುವವ. ಬಿಚ್ಚಿ, ಮೂಸಿ, ಕಪ್ಪಾದ ತಂತಿಯನ್ನು ಉಗುರಿನಿಂದ ಕೆರೆದು ನೋಡಿದ.

"ಕಾಕಾ, ಹೋಗೂಕಿಂತ ಮದಲ ಭಾಳ ಜೋರ್ ಓಡಿರಬೇಕಲ್ರಿ?"

"ಹೌದಪ್ಪಾ. ಎಂಥಾ ಜೋರು!"

"ಹೂಂ. ಹಂಗs ಓಡ್ತಾವ್ರಿ" ಎಂದು ಅವನು ಅದನ್ನು ಮತ್ತೆ ಹಾಳೆಯಲ್ಲಿ ಸುತ್ತಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಎಂಬುದೊಂದಿದೆ, ಅದನ್ನು ನಡುವೆ ಇಡಬೇಕಿತ್ತು ಎಂದಷ್ಟೇ ಹೇಳಿದ. ಸತ್ತವರ ಮನೆಯಲ್ಲಿ ಡಾಕ್ಟರ ಹೆಸರು ಹೇಳಿದಂತಾಯಿತು.

ಹೊಸದು ಕೊಳ್ಳಲು ಬೆಳಗಾವಿಗೆ ಹೊರಟಾಗ ನನ್ನನ್ನೂ ಕರೆದೊಯ್ದರು. ಕಾಕಾ ಪಂಚರಿಲ್ಲದೆ ಯಾವ ವ್ಯವಹಾರವನ್ನೂ ಮಾಡುವವರಲ್ಲ. ಕೈಯಲ್ಲಿ ಹಳೆಯ ಫೀಲ್ಡ್ ಬುಕ್ಕು, ಅದರಲ್ಲಿ ಕಾಲಮ್ಮು ಎಳೆದು ತಯಾರು. ಕೃಷಿ ಯಂತ್ರಗಳ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗ.

"ಎಡ್ಜರ್ ಅದ ಏನು?"

"ಯಾವ ಗಾಡೀದ್ರಿ?"

ಎಡ್ಜರ್ ಎಂದರೇನು ಎಂದು ಕಾಕಾ ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿದರು. ಹುಡುಗ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಹುಲ್ಲಿನ ಅಂಚ ಕತ್ತರಸಾಕ ಬ್ಯಾರೆ ಮಷೀನs?" ಎಂದ. ಅವನ ಬೆರಗಿನಲ್ಲಿ ಅರ್ಥವಿತ್ತು. ನಮ್ಮ ಕಡೆ ಹುಲ್ಲು ಕತ್ತರಿಸುವುದು ಎಂದರೆ ಬ್ರಷ್ ಕಟರ್. ಭತ್ತದ ಬದು, ಗೋಡಂಬಿ ತೋಟದ ಬುಡ, ಕಬ್ಬಿನ ಸಾಲಿನ ನಡುವಿನ ಕಸ. ಅಂಚನ್ನು ಎಮ್ಮೆ ನೋಡಿಕೊಳ್ಳುತ್ತದೆ.

ನಂತರ ಆ ಹುಡುಗ ಹೇಳಿದ್ದು ಎಷ್ಟೋ ಜನ ಕೊಂಡ ಮೇಲೆ ಕಲಿಯುವ ಪಾಠ. ಇಂಜಿನ್ನು ಎರಡು ತರಹ. ಫೋರ್ ಸ್ಟ್ರೋಕಿಗೆ ಪೆಟ್ರೋಲು ಬೇರೆ, ಎಣ್ಣೆ ಬೇರೆ. ಹೋಂಡಾದ ಜಿಎಕ್ಸ್ 35 ಎಂದರೆ 35.8 ಸಿಸಿ, ಸದ್ದು ಕಡಿಮೆ, ಹೊಗೆ ಕಡಿಮೆ, ದುಡ್ಡು ಜಾಸ್ತಿ. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಟೂಟಿ ಎಣ್ಣೆ ಕಲಸಬೇಕು. ಸ್ಟಿಲ್‌ನಂಥ ಕಂಪನಿಯವರು ತಮ್ಮ ಎಣ್ಣೆಗೆ 50ಕ್ಕೆ 1 ಎನ್ನುತ್ತಾರೆ, ಲೀಟರಿಗೆ 20 ಮಿಲಿ. ಅಗ್ಗದ ಮಷೀನುಗಳಿಗೆ ಬಹಳ ಮಾಡಿ 25ಕ್ಕೆ 1, ಲೀಟರಿಗೆ 40 ಮಿಲಿ. ಎಣ್ಣೆ ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ. ಕಡಿಮೆಯಾದರೆ ಪಿಸ್ಟನ್ನು ಹಿಡಿದು ಕೂತುಬಿಡುತ್ತದೆ. ಮುಂದಿನ ತುದಿಗೆ ಮೂರು ಹಲ್ಲಿನ ಬ್ಲೇಡು ಹಾಕಬಹುದು, ಎಂಬತ್ತು ಹಲ್ಲಿನ ಚಕ್ರ ಹಾಕಬಹುದು, ಇಲ್ಲವೆ ನೈಲಾನ್ ದಾರದ ಡಬ್ಬಿ ಹಾಕಬಹುದು. ಮೇವಿಗೆ ಬ್ಲೇಡು, ಹುಲ್ಲು ಬುಡದಲ್ಲಿ ಕೊಯ್ದು ಮಲಗುತ್ತದೆ, ಕಟ್ಟಿಕೊಂಡು ಹೋಗಬಹುದು. ದಾರ ಹಾಕಿದರೆ ಹುಲ್ಲು ಚಿಂದಿಚಿಂದಿಯಾಗಿ ಮಣ್ಣಿನ ಜೊತೆ ಹಾರುತ್ತದೆ, ದನ ಮೂಸುವುದಿಲ್ಲ. ಆದರೆ ಕಲ್ಲು, ಇಟ್ಟಿಗೆ, ಗೋಡೆಯ ಬುಡಕ್ಕೆ ದಾರವೇ ಸೈ. ಬ್ಲೇಡು ಕಲ್ಲಿಗೆ ಬಡಿದರೆ ಮಷೀನು ಕೈಯಲ್ಲೇ ಒದೆಯುತ್ತದೆ, ಕೆಲವೊಮ್ಮೆ ಬ್ಲೇಡಿನ ಚೂರೇ ಹಾರುತ್ತದೆ.

ಯಾರೇ ಆದರೂ ಮನೆಯಂಗಳಕ್ಕೆ ಫೋರ್ ಸ್ಟ್ರೋಕ್ ತೆಗೆದುಕೊಳ್ಳುತ್ತಿದ್ದರು. ಕಾಕಾ ಟೂ ಸ್ಟ್ರೋಕಿನ ಕಡೆ ಬೆರಳು ತೋರಿದರು. ನನಗೆ ಆಶ್ಚರ್ಯವಾಗಲಿಲ್ಲ, ಅದರಲ್ಲಿ ಅಳೆಯುವ ಕೆಲಸವಿದೆ.

ಬಿಲ್ಲು ಬರೆಯುವ ಮುಂಚೆ ಹುಡುಗನಿಗೆ ಇತಿಹಾಸ ತಿಳಿಸುವುದು ಕಾಕಾಗೆ ಅಗತ್ಯವೆನಿಸಿತು. "ಈ ದಾರದ ಮಷೀನು ಕಂಡ ಹಿಡದಾಂವ ಯಾರು ಗೊತ್ತದ ಏನು? ಜಾರ್ಜ್ ಬಲ್ಲಾಸ್ ಅಂತ, ಟೆಕ್ಸಸ್ಸಿನ ಹ್ಯೂಸ್ಟನ್ನಿನಾಂವ. ಡ್ಯಾನ್ಸ್ ಕಲಿಸೋ ಸ್ಟುಡಿಯೋ ಇತ್ತು ಅವಂದು. 1971ರಾಗ ಕಾರು ತೊಳಿಸಲಿಕ್ಕೆ ಹೋಗಿದ್ದ. ಅಲ್ಲೆ ಬ್ರಷ್ಷು ಗರಗರ ತಿರಗೂದು ನೋಡಿದ, ಮನಿಗೆ ಬಂದ, ಪಾಪ್‌ಕಾರ್ನ್ ಡಬ್ಬಿಗೆ ತೂತು ಹೊಡದು ಮೀನಿನ ಗಾಳದ ದಾರ ಕಟ್ಟಿ ತಿರುಗಿಸಿದ. ಅಷ್ಟs!" ಹುಡುಗ ಪೆನ್ನು ಎತ್ತಿ ಹಿಡಿದು ನಿಂತೇ ಇದ್ದ. ಕಾಕಾ ಹಿಂದಕ್ಕೆ ಸರಿದರು. "ಅದಕ್ಕೂ ಮದಲ 1830ರಾಗ ಇಂಗ್ಲಂಡದಾಗ ಎಡ್ವಿನ್ ಬಡ್ಡಿಂಗ್ ಅನ್ನಾಂವ ಲಾನ್ ಕತ್ತರಿಸೋ ಮಷೀನಿಗೆ ಪೇಟೆಂಟ್ ಮಾಡಿಸಿದ. ಅಲ್ಲೆ ಅವರು ಅಂಗಳದ ಹುಲ್ಲು ಸಮಾ ಮಾಡೂದ್ರಾಗ ಇದ್ರು. ಮುಂದ ಜನವರಿಯೊಳಗ ಅವರ ಮಂದಿನs ಇಲ್ಲೆ ನಮ್ಮ ನಂದಗಡದಾಗ ರಾಯಣ್ಣನ್ನ ಗಲ್ಲಿಗೆ ಹಾಕಿದ್ರು."

ಹುಡುಗನ ಮುಖ ಗಂಭೀರವಾಯಿತು. "ಹಂಗಾರ ಇಂಗ್ಲಂಡದ ಮಾಲ್ ಬ್ಯಾಡs ಬ್ಯಾಡ ಬಿಡ್ರಿ ಕಾಕಾ. ಜಪಾನದ್ದ ತೋರಸ್ತೀನಿ."

ಹೊರಡುವಾಗ ಅವನೇ ಬಾಗಿಲವರೆಗೆ ಬಂದು ಕಾಕಾನ ಬಾಳಿಗೆ ಬೆಳಕು ಕೊಟ್ಟ. ಎಡ್ಜರ್ ಬೇಕಾಗಿಲ್ಲ, ದಾರ ಹಾಕಿದ ಮಷೀನನ್ನು ಅಡ್ಡ ಮಾಡಿ ಹಿಡಿದರೆ ದಾರ ನೆಟ್ಟಗೆ ತಿರುಗುತ್ತದೆ, ಅಂಚಿನ ಮೇಲೆ ನಡೆಸಿಕೊಂಡು ಹೋಗಬಹುದು. ಕಣ್ಣಿಗೆ ಕನ್ನಡಕ ಇರಲಿ, ಎದುರಿಗೆ ಯಾರೂ ನಿಲ್ಲುವುದು ಬೇಡ ಎಂದ. ಎರಡನೇ ಮಾತು ಕಾಕಾ ಕೇಳಿಸಿಕೊಂಡರೋ ಇಲ್ಲವೋ.

ಅಂದಿನಿಂದ ನಮ್ಮ ಓಣಿಯಲ್ಲಿ ಮಳೆ ಬಿಟ್ಟ ಮುಂಜಾನೆಗಳಿಗೆ ಒಂದು ವಿಧಿ ಬಂತು. ಮೊದಲು ಎಣ್ಣೆ ಕಲಸುವುದು. ಕಾಕುವಿನ ಕೆಮ್ಮಿನ ಔಷಧದ 10 ಮಿಲಿ ಟೊಪ್ಪಿಗೆಯಿಂದ ನಾಲ್ಕು ಸಲ, ಕಣ್ಣಿನ ಮಟ್ಟಕ್ಕೆ ಹಿಡಿದು. ಆಮೇಲೆ ಗಮ್ ಬೂಟು, ಕನ್ನಡಕದ ಮೇಲೊಂದು ಕನ್ನಡಕ, ತಲೆಗೆ ಮಂಕಿ ಕ್ಯಾಪು. ಗೂಟ ನೆಟ್ಟು ದೋರಿ ಕಟ್ಟಿ ಸುಣ್ಣದ ಗೆರೆ. ಗೆರೆಯ ಮೇಲೆ ಮಷೀನು ಅಡ್ಡ ಹಿಡಿದು ಹೊರಟರೆ ಅಂಚು ನಿಜಕ್ಕೂ ಚಂದ ಬೀಳುತ್ತಿತ್ತು, ಅದು ಹೇಳಲೇಬೇಕು. ಆದರೆ ಅಂಚಿನಿಂದ ಎದ್ದ ಕೆಸರು ಎಲ್ಲಾದರೂ ಹೋಗಬೇಕಲ್ಲ. ದೀಪಾವಳಿಗೆ ಬಳಿದ ಗೋಡೆ, ಒಣಹಾಕಿದ ಧೋತರ, ಗೇಟಿನಲ್ಲಿ ಕ್ಯಾನು ಹಿಡಿದು ನಿಂತ ಹಾಲಿನವನ ಬಿಳಿ ಟೊಪ್ಪಿಗೆ, ಎಲ್ಲ ಕಡೆಯೂ ಹೋಯಿತು. ಓರೆ ಇಟ್ಟಿಗೆಗಳ ಸಾಲು ಇನ್ನೊಂದು ಕಷ್ಟ. ಇಟ್ಟಿಗೆಗೆ ಉಜ್ಜಿದ ನೈಲಾನು ಮಾರಿಗೊಂದು ಗೇಣು ಸವೆಯುತ್ತದೆ. ಡಬ್ಬಿಯ ತಳವನ್ನು ನೆಲಕ್ಕೆ ಮೆಲ್ಲಗೆ ತಟ್ಟಿದರೆ ಒಳಗಿಂದ ದಾರ ಮುಂದೆ ಬರುತ್ತದೆ. ಕಾಕಾ ಬಾಂದುಕಲ್ಲು ಕೂಡಿಸುವ ಕೈಯಿಂದ ತಟ್ಟುತ್ತಿದ್ದರು, ಡಬ್ಬಿಯ ಮುಚ್ಚಳವೇ ಹಾರಿ ಕುಂಡದಲ್ಲಿ ಕೂಡುತ್ತಿತ್ತು.

ಒಣಗಿದ ನೈಲಾನು ಬೇಗ ತುಂಡಾಗುತ್ತದೆ, ರಾತ್ರಿ ನೀರಲ್ಲಿ ನೆನೆಸಿದರೆ ಮೆತ್ತಗಾಗಿ ಬಾಳುತ್ತದೆ ಎಂದು ಯಾರೋ ಹೇಳಿದರು. ಹೇಳಿದ್ದು ಖರೆಯೇ, ನೈಲಾನು ನೀರು ಹೀರುತ್ತದೆ. ಮರುದಿನ ಮುಂಜಾನೆ ಅಡಿಗೆಮನೆಯಲ್ಲಿ ಮಡಕಿಕಾಳು ನೆನೆಹಾಕಿದ ಪಾತೇಲಿಯ ಪಕ್ಕ ಇನ್ನೊಂದು ಪಾತೇಲಿ. ಕಾಕು ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, "ಇದಕ್ಕ ಒಗ್ಗರಣಿ ಸಾಸವೀದೋ ಜೀರಿಗೀದೋ?" ಎಂದು ಹೊರಗೆ ಕೂಗಿ ಕೇಳಿದರು.

ನಿಜವಾದ ಗದ್ದಲ ಚೌತಿಗೆ. ನಮ್ಮ ಓಣಿಯಲ್ಲಿ ಕರಿಕೆ ಎಂದರೆ ಕಾಕಾನ ಅಂಗಳ ಎಂದು ಆಗಲೇ ಎಲ್ಲರೂ ಲೆಕ್ಕ ಹಾಕಿಟ್ಟಿದ್ದರು. ಹಬ್ಬದ ಮುಂಜಾನೆ ತಟ್ಟೆ ಹಿಡಿದು ಏಳೆಂಟು ಮನೆಯ ವೈನಿಗಳು, ಅವರ ಹಿಂದೆ ಪರಕಾರ ತೊಟ್ಟ ಹುಡುಗಿಯರು ಬಂದು ಗೇಟು ತೆರೆದರೆ, ಅಂಗಳದಲ್ಲಿ ಹಸಿರು ಸತರಂಜಿ. ಹಬ್ಬಕ್ಕೆ ಚಂದ ಕಾಣಲಿ ಎಂದು ಕಾಕಾ ಹಿಂದಿನ ದಿನ ಒಂದಿಂಚಿಗೆ ಕತ್ತರಿಸಿಟ್ಟಿದ್ದರು. ಮೂರೆಸಳಿನ ಕುಡಿ ಇಡೀ ಅಂಗಳದಲ್ಲಿ ಒಂದಿಲ್ಲ. ಹೆಂಗಸರು ಬಗ್ಗಿ ಹುಡುಕಿದರು. ಕಾಕಾ ಮೆಟ್ಟಿಲ ಮೇಲೆ ನಿಂತು, "ಅಂಚು ನೋಡ್ರಿ, ಅಂಚು ಹ್ಯಾಂಗ ಬಂದದ" ಎಂದರು.

ಒಳಗಿಂದ ಕಾಕು ಬಂದರು. ಜನರೆದುರಿಗೆ ದನಿ ಎತ್ತುವವರಲ್ಲ. "ಅಲ್ಲೆ ಔಷಧ ಹೊಡದು ದೇವರಿಗೆ ತಪ್ಪಿಸಿದ್ರು. ಇಲ್ಲೆ ನೀವು ಮಷೀನ್ ಹೊಡದು ತಪ್ಪಿಸಿದ್ರಿ. ಗಣಪತಿ ಎಲ್ಲಿಗೆ ಹೋಗಬೇಕ್ರಿ ಇನ್ನ?"

ಕೊನೆಗೆ ಕರಿಕೆ ಸಿಕ್ಕಿದ್ದು ಕಂಪೌಂಡಿನ ಹೊರಗೆ, ಗಟಾರದ ಪಕ್ಕ, ಕಾಕಾನ ಹದ್ದು ದಾಟಿ ತಪ್ಪಿಸಿಕೊಂಡು ಹೋದ ಕುಡಿಗಳಲ್ಲಿ. ಅವನ್ನು ಮೂರು ಸಲ ತೊಳೆದು ಏರಿಸಿದರು. ಮಧ್ಯಾಹ್ನ ಕಡುಬು ಉಂಡ ಮೇಲೆ ಕಾಕಾ ಫೀಲ್ಡ್ ಬುಕ್ಕು ತೆಗೆದರು. ಅಂಗಳದ ಈಶಾನ್ಯ ಮೂಲೆಯ ನಾಲ್ಕು ಫೂಟಿಗೆ ನಾಲ್ಕು ಫೂಟು ಜಾಗವನ್ನು "ದೇವರ ಇನಾಮು" ಎಂದು ನಕಾಶೆಯಲ್ಲಿ ತೋರಿಸಿ, ಅಲ್ಲಿ ಯಾವ ಕಾಲಕ್ಕೂ ಯಂತ್ರ ಆಡತಕ್ಕದ್ದಲ್ಲ ಎಂದು ಷರಾ ಬರೆದು ಕಾಕುವಿನ ಸಹಿ ಹಾಕಿಸಿಕೊಂಡರು. ಇನಾಮು ರದ್ದಾಗಿ ಎಷ್ಟು ವರ್ಷವಾಯಿತು ಎಂದು ನಾನು ಕೇಳಲು ಹೋಗಲಿಲ್ಲ.

ದೀಪಾವಳಿ ಹೊತ್ತಿಗೆ ಹುಲ್ಲಿನ ಹುರುಪು ಇಳಿಯಿತು. ಮಷೀನಿಗೆ ಗೋಣಿಚೀಲ ಹೊದಿಸಿ ಅಟ್ಟಕ್ಕೇರಿಸಿದರು, ಟಾಕಿಯಲ್ಲಿದ್ದ ಪೆಟ್ರೋಲಿನ ಸಮೇತ. ಮರುವರ್ಷ ಜೂನಿನಲ್ಲಿ ಇಳಿಸಿ ಹಗ್ಗ ಎಳೆದರೆ ಉತ್ತರವಿಲ್ಲ. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥೆನಾಲು. ಅದಕ್ಕೆ ಹವೆಯ ಪಸೆ ಎಳೆದುಕೊಳ್ಳುವ ಗುಣ, ಖಾನಾಪುರದ ಹವೆಯಲ್ಲಿ ಪಸೆಗೇನು ಕಡಿಮೆ? ಬೆಳಗಾವಿ ಜಿಲ್ಲೆಯ ಕಬ್ಬು ಸಕ್ಕರೆಯಾಗಿ ನಮ್ಮ ರಕ್ತಕ್ಕೆ, ಎಥೆನಾಲಾಗಿ ಕಾಕಾನ ಕಾರ್ಬೋರೇಟರಿಗೆ ಸೇರಿತು ಎನ್ನಬಹುದು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ, ಕಾರ್ಬೋರೇಟರಿನೊಳಗಿನ ತೆಳ್ಳನೆಯ ರಬ್ಬರಿನ ಪರದೆ ಹಪ್ಪಳದಷ್ಟು ಬಿರುಸಾಗಿ ಕೂತಿತ್ತು. ಟಾಕಿ ಬರಿದು ಮಾಡಿ, ಇಂಜಿನ್ನು ತಾನೇ ನಿಲ್ಲುವವರೆಗೆ ಓಡಿಸಿ ಇಟ್ಟಿದ್ದರೆ ಇಷ್ಟಿರಲಿಲ್ಲ.

ಮೆಕ್ಯಾನಿಕ್ಕಿನ ಹತ್ತಿರ ಒಯ್ಯುವ ಮಾತೇ ಇಲ್ಲ. ಕಾಕಾ ವರಾಂಡದಲ್ಲಿ ಹಳೆಯ ಪೇಪರು ಹಾಸಿದರು. ಬಿಚ್ಚಿದ ಪ್ರತಿ ತುಣುಕಿಗೂ ಪೆನ್ಸಿಲಿನಿಂದ ಸುತ್ತು ಹಾಕಿ ಸರ್ವೆ ನಂಬರು ಕೊಟ್ಟರು. ಏರ್ ಫಿಲ್ಟರಿನ ಮುಚ್ಚಳ 14. ಅದರ ಎರಡು ಸ್ಕ್ರೂ 14/1, 14/2. ಕಾರ್ಬೋರೇಟರು 15, ಅದರ ಹಿಸ್ಸೆಗಳು ನಾಲ್ಕು. ಪ್ಲಗ್ಗು ಬಿಚ್ಚಿ, ಬ್ರಷ್ಷಿನಿಂದ ಮಸಿ ಉಜ್ಜಿ, ಇಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದು ಕಿಡಿ ಬರುತ್ತದೆಂದು ಖಾತ್ರಿ ಮಾಡಿಕೊಂಡರು. ರಬ್ಬರಿನ ಪರದೆ ಹೊಸದು ತರಿಸಿದರು. ಎಲ್ಲ ತಿರುಗಿ ಕೂಡಿಸಿದಾಗ ಪೇಪರಿನ ಮೇಲೆ ಎರಡು ಸ್ಕ್ರೂ, ಒಂದು ವಾಷರು ಉಳಿದವು.

"ಕಾಕಾ, ಇವು?"

"ಖರಾಬು" ಎಂದರು ತಲೆಯೆತ್ತದೆ. ಪ್ರತಿ ಸರ್ವೆ ನಂಬರಿನಲ್ಲೂ ಸಾಗುವಳಿಗೆ ಬಾರದ ಒಂದಿಷ್ಟು ಖರಾಬು ಜಮೀನು ಇದ್ದೇ ಇರುತ್ತದೆ. ಅದನ್ನು ಆಕಾರಕ್ಕೆ ಹಿಡಿಯುವುದಿಲ್ಲ. ಅವನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಮೇಲೆ "ಪೋಟ್ ಖರಾಬು" ಎಂದು ಬರೆದಿಟ್ಟರು. ಮಷೀನು ಮೂರನೇ ಎಳೆತಕ್ಕೆ ಹತ್ತಿತು. ಇದನ್ನು ಕಣ್ಣಾರೆ ಕಂಡವ ನಾನು, ಆದ್ದರಿಂದ ಖರಾಬಿನ ಬಗ್ಗೆ ನಾನೂ ಮಾತಾಡುವುದಿಲ್ಲ.

ಆದರೆ ದಾರದ ಡಬ್ಬಿ ತೆಗೆದು ಬ್ಲೇಡು ಹಾಕೋಣವೆಂದರೆ ನಡುವಿನ ನಟ್ಟು ಅಲುಗಲಿಲ್ಲ. ಕಾಕಾ ತಿರುವಿದರು, ನಾನು ತಿರುವಿದೆ, ಹಾಲಿನವನೂ ಟೊಪ್ಪಿಗೆ ತೆಗೆದಿಟ್ಟು ಕೈ ಹಚ್ಚಿದ. ಪಾನಾಕ್ಕೆ ನಳದ ಪೈಪು ತೊಡಿಸಿ ಉದ್ದ ಮಾಡಿ ಜೋತುಬಿದ್ದೆವು. ಹಿಂದಿನ ಓಣಿಯ ಹುಡುಗ ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಟರ್ನರ್. ಸೈಕಲ್ ಮೋಟಾರು ನಿಲ್ಲಿಸಿ, ಕೈಯಲ್ಲಿನ ಊಟದ ಡಬ್ಬಿ ಇಳಿಸದೆಯೇ ನೋಡಿದ. ಗೇರಿನ ಪಕ್ಕದ ತೂತಿಗೆ ಒಂದು ಮೊಳೆ ಸಿಕ್ಕಿಸಿ ತಿರುಗದಂತೆ ಹಿಡಿದು, ಪಾನಾವನ್ನು ನಾವು ಎಳೆಯುತ್ತಿದ್ದುದರ ಉಲ್ಟಾ ಒಮ್ಮೆ ಒತ್ತಿದ. ನಟ್ಟು ಬಿಚ್ಚಿಕೊಂಡಿತು.

"ಇದು ಬಲಕ್ಕ ತಿರುವಿದ್ರ ಬಿಚ್ಚತೈತ್ರಿ ಕಾಕಾ. ಬ್ಲೇಡ್ ತಿರಗೂ ಮುಂದ ತಾನs ಬಿಗಿ ಆಗಲಿ ಅಂತ ಉಲ್ಟಾ ಥ್ರೆಡ್ ಇಟ್ಟಿರ್ತಾರ."

"ಅಂದ್ರ ಇಷ್ಟೊತ್ತು ನಾವು ಮೂರು ಮಂದಿ ಕೂಡಿ ಮಾಡಿದ್ದೇನು?"

"ಬಿಗಿ ಮಾಡೀರಿ. ಭಾಳ ಚೊಲೊ ಬಿಗಿ ಮಾಡೀರಿ" ಎಂದು ಅವನು ಹೊರಟುಹೋದ. ಕಾಕಾ ಫೀಲ್ಡ್ ಬುಕ್ಕಿನಲ್ಲಿ ನಟ್ಟಿನ ಪಕ್ಕ ಬಾಣದ ಗುರುತು ಹಾಕಿ, ಉತ್ತರ ದಿಕ್ಕನ್ನೂ ತೋರಿಸಿದರು.

ಈಗ ಆ ಮಷೀನನ್ನು ಓಣಿಯವರೆಲ್ಲ ಕಡ ಕೇಳುತ್ತಾರೆ. ಕೊಡುತ್ತಾರೆ, ಕಾಕಾ ಜಿಪುಣರಲ್ಲ. ಆದರೆ ಬಾಡಿಗೆಯ ಆಳು ತನ್ನದೇ ಮಷೀನು ತಂದು ಹಿತ್ತಲೆಲ್ಲ ಕತ್ತರಿಸಿ ಚಹಾ ಕುಡಿದು ಹೋಗುವಷ್ಟು ಹೊತ್ತು ಕಾಕಾನ ಹಸ್ತಾಂತರ ಪಂಚನಾಮೆಗೇ ಬೇಕು. ಟಾಕಿಯಲ್ಲಿ ಪೆಟ್ರೋಲು ಇಷ್ಟು, ದಾರ ಇಷ್ಟು ಮಾರು, ಬ್ಲೇಡಿನ ಹಲ್ಲು ಮೂರೂ ಹಾಜರು. ಪಂಚರಿಬ್ಬರ ಸಹಿ. ಕೆಳಗೆ ಷರತ್ತು: ಕತ್ತರಿಸುವವರು ಮೊದಲು ತಮ್ಮ ಹದ್ದು ಗುರುತಿಸಿಕೊಳ್ಳತಕ್ಕದ್ದು. ಗೋಡಂಬಿ ತೋಟದವರೊಬ್ಬರು ಸಹಿ ಮಾಡಿ ಒಯ್ದು ಹದಿನೈದು ದಿನ ತಿರುಗಿ ಕೊಡಲಿಲ್ಲ. ಅಷ್ಟರಲ್ಲಿ ಕಾಕಾನ ಕರಿಕೆ ಇಟ್ಟಿಗೆ ಸಾಲು, ಬಾಂದುಕಲ್ಲು, ದೇವರ ಇನಾಮು ಎಲ್ಲವನ್ನೂ ಒಂದು ಮಾಡಿಬಿಟ್ಟಿತು. ಎಮ್ಮೆ ಕಟ್ಟಿದ ಅಜ್ಜಿ ಗೇಟಿನಿಂದ ಇಣುಕಿ, "ಕೊಯ್ಕೊಂಡ ಹೋಗ್ಲೇನೊ ತಮ್ಮಾ? ದಾರಾ ಗೀರಾ ಇಲ್ಲ ಹೌದಲ್ಲೊ ಇದ್ರಾಗ? ನಮ್ಮ ಎಮ್ಮಿ ಹೊಟ್ಟ್ಯಾಗ ಹೋದೀತು" ಎಂದು ಖಾತ್ರಿ ಮಾಡಿಕೊಂಡು ಕುಡಗೋಲು ತೆಗೆದಳು.

ಕಾಕಾಗೆ ಅದರ ಚಿಂತೆಯಿರಲಿಲ್ಲ. ಬ್ಯಾಟರಿಯ ಟ್ರಿಮ್ಮರ್ ಬಂದಿದೆಯಂತೆ; ಹಗ್ಗ ಎಳೆಯುವುದು ಬೇಡ, ಎಣ್ಣೆ ಕಲಸುವುದು ಬೇಡ, ತಲೆ ತಿರುವಿದರೆ ಎಡ್ಜರ್. ಮಗ ಡಿಸೆಂಬರಿನಲ್ಲಿ ಬರುವವನಿದ್ದ. ಆದಿತ್ಯವಾರ ವಿಡಿಯೋ ಕಾಲಿನಲ್ಲಿ ಪೆಟ್ಟಿಗೆ ತೆರೆದು ತೋರಿಸಿದ. ಕಾಕಾ ಬ್ಯಾಟರಿ ಎಷ್ಟು ತಾಸು, ದಾರ ಎಷ್ಟು ದಪ್ಪ, ಗಾಲಿ ಇದೆಯೋ ಇಲ್ಲವೋ ಎಂದು ಬರೆದುಕೊಳ್ಳುತ್ತಿದ್ದರು. ಕಾಕು ಕನ್ನಡಕ ಏರಿಸಿ, ಫೋನಿಗೆ ಮೂಗು ಹಚ್ಚಿ, "ಆ ಚಾರ್ಜರಿನ ಬೆನ್ನ ತೋರಸು" ಎಂದರು. ತೋರಿಸಿದ. ಸಣ್ಣ ಅಕ್ಷರ, ಮಗನೇ ಓದಿ ಹೇಳಬೇಕಾಯಿತು. ಇನ್‌ಪುಟ್ 120 ವೋಲ್ಟ್.

"ಇದು ಅಲ್ಲೇ ಇರಲಿ ಮಗಾ" ಎಂದರು ಕಾಕು. "ನೀ ಬದಾಮು ತಗೊಂಡ ಬಾ."